ಟ್ರಾಫಿಕ್ಕಿಗೆ ಒಂದು, ಘಾಟಿಗೆ ಒಂದು: ಎರಡನೇ ಕಾರು ಆಟೋಮ್ಯಾಟಿಕ್ ಆಗುವಾಗ

ಪ್ರಶ್ನೆ: ಮನೆ ಬೆಂಗಳೂರಿನ ಜೆ.ಪಿ. ನಗರದಲ್ಲಿ, ಆಫೀಸು ಬೆಳ್ಳಂದೂರಿನಲ್ಲಿ. ವಾರಕ್ಕೆ ನಾಲ್ಕು ದಿನ ಹೋಗಲೇಬೇಕು. ನನ್ನ ಹತ್ತಿರ 2021ರ ಫೋಕ್ಸ್‌ವ್ಯಾಗನ್ ಪೋಲೋ 1.0 ಟಿಎಸ್ಐ ಮ್ಯಾನುಯಲ್ ಇದೆ. ಅದನ್ನು ಓಡಿಸುವುದೆಂದರೆ ಪ್ರಾಣ. ಆದರೆ ಸಿಲ್ಕ್ ಬೋರ್ಡ್ ದಾಟುವಷ್ಟರಲ್ಲಿ ಎಡ ಮೊಣಕಾಲು ನೋಯುತ್ತದೆ. ಹೆಂಡತಿಗೆ ಲೈಸೆನ್ಸ್ ಇದೆ, ಕ್ಲಚ್ ಭಯಕ್ಕೆ ಕಾರು ಮುಟ್ಟುವುದಿಲ್ಲ. ಮನೆಯಲ್ಲಿ ಎಪ್ಪತ್ತು ದಾಟಿದ ಅಪ್ಪ, ಸ್ಕೂಲಿಗೆ ಹೋಗುವ ಮಗಳು ಇದ್ದಾರೆ. ಆನ್-ರೋಡ್ 13 ಲಕ್ಷದೊಳಗೆ ಒಂದು ಆಟೋಮ್ಯಾಟಿಕ್ ತೆಗೆದುಕೊಳ್ಳೋಣ ಅಂತಿದ್ದೇನೆ. ದಿನಾ ಓಡಿಸುವ ಕಾರಲ್ಲೂ ಸ್ವಲ್ಪ ಮಜಾ ಇರಲಿ ಅಂತ ಡಿಸಿಟಿ (ಎರಡು ಕ್ಲಚ್ಚಿನ ಆಟೋಮ್ಯಾಟಿಕ್ ಗೇರ್‌ಬಾಕ್ಸ್) ಇರುವ ಟರ್ಬೊ ಕಾರು ಅಥವಾ ಸ್ಕೋಡಾ ಕೈಲಾಕ್ ನೋಡುತ್ತಿದ್ದೇನೆ. ಯಾವುದು ಸರಿ? ಪೋಲೋ ಇಟ್ಟುಕೊಳ್ಳಲಾ, ಮಾರಲಾ? ಅಪಾರ್ಟ್‌ಮೆಂಟಿನಲ್ಲಿ ಎರಡು ಕಾರಿಗೆ ಜಾಗ ಇದೆ, ಒಂದರ ಹಿಂದೆ ಒಂದು ನಿಲ್ಲಿಸಬೇಕು.

ಉತ್ತರ: ಪೋಲೋ ಮಾರಬೇಡಿ. ಹೊಸ ಕಾರಲ್ಲಿ ಮಜಾ ಹುಡುಕಬೇಡಿ. ನನ್ನ ಸಲಹೆ ಇಷ್ಟೇ, ಮುಂದೆ ಬರೆಯುವುದೆಲ್ಲ ಇದಕ್ಕೆ ಕಾರಣ.

ಮನೆಯಲ್ಲಿ ಒಂದೇ ಕಾರು ಇದ್ದರೆ ಅದು ಎಲ್ಲವನ್ನೂ ಸ್ವಲ್ಪ ಸ್ವಲ್ಪ ಮಾಡಬೇಕು. ಆಫೀಸಿಗೂ ಆಗಬೇಕು, ಊರಿಗೂ ಆಗಬೇಕು, ಘಾಟಿಯಲ್ಲಿ ಖುಷಿಯನ್ನೂ ಕೊಡಬೇಕು. ಅಂಥವರು ಕೇಳಿದರೆ ಕೈಲಾಕ್ ಆಟೋಮ್ಯಾಟಿಕ್ ನೋಡಿ ಅಂತ ನಾನೇ ಹೇಳುತ್ತೇನೆ. ನಿಮ್ಮ ಲೆಕ್ಕ ಬೇರೆ. ನಿಮ್ಮ ಪೋಲೋದಲ್ಲಿ 999 ಸಿಸಿ, ಮೂರು ಸಿಲಿಂಡರಿನ ಟರ್ಬೊ ಎಂಜಿನ್ ಇದೆ, 110 ಪಿಎಸ್ ಶಕ್ತಿ, 175 ಎನ್ಎಂ ಟಾರ್ಕ್ (ಎಳೆಯುವ ಬಲ). ಕೈಲಾಕ್‌ನಲ್ಲಿರುವುದು ಅದೇ ಕುಟುಂಬದ 1.0 ಟಿಎಸ್ಐ, 115 ಪಿಎಸ್, 178 ಎನ್ಎಂ. ಅಂದರೆ ಈಗಾಗಲೇ ಮನೆಯಲ್ಲಿರುವ ಎಂಜಿನ್ನನ್ನೇ ಇನ್ನೊಂದು ಸಲ ದುಡ್ಡು ಕೊಟ್ಟು ತಂದ ಹಾಗಾಯಿತು. ಅದರ ಪಿಕಪ್ಪನ್ನು ಬಳಸುವುದಕ್ಕೆ ಸಿಲ್ಕ್ ಬೋರ್ಡಿನಲ್ಲಿ ಜಾಗ ಎಲ್ಲಿದೆ? ಅದನ್ನು ಬಳಸಬಹುದಾದ ಭಾನುವಾರ ಬೆಳಗ್ಗೆ ನೀವು ಕೈಗೆತ್ತಿಕೊಳ್ಳುವುದು ಪೋಲೋ ಕೀಯನ್ನೇ, ಅಲ್ವಾ?

ಹಾಗಾಗಿ ಎರಡನೇ ಕಾರನ್ನು ಮೊದಲನೆಯದರ ಪಕ್ಕದಲ್ಲಿಟ್ಟು ನೋಡಿ ಆರಿಸಬೇಕು. ಪೋಲೋ ಏನು ಕೊಡುವುದಿಲ್ಲವೋ ಅದನ್ನು ಕೊಡುವ ಕಾರು ನಿಮಗೆ ಬೇಕು. ಪೋಲೋ ಕೊಡದೇ ಇರುವುದು ಯಾವುದು? ಎಡಗಾಲಿಗೆ ವಿಶ್ರಾಂತಿ. ಅಪ್ಪ ಬಗ್ಗದೆ ಕೂರಬಹುದಾದ ಎತ್ತರದ ಸೀಟು. ಹೆಂಡತಿ ಹೆದರದೆ ಓಡಿಸಬಹುದಾದ ಸರಳತೆ. ಬಂಪರಿಗೆ ಒಂದು ಗೀರು ಬಿದ್ದರೆ ರಾತ್ರಿ ನಿದ್ದೆ ಕೆಡದಿರುವ ನೆಮ್ಮದಿ. ಈ ಪಟ್ಟಿಯಲ್ಲಿ 0ರಿಂದ 100 ಕಿ.ಮೀ. ವೇಗ ಎಷ್ಟು ಸೆಕೆಂಡಿನಲ್ಲಿ ಅನ್ನುವುದು ಎಲ್ಲೂ ಬರುವುದಿಲ್ಲ.

ಇನ್ನು ಗೇರ್‌ಬಾಕ್ಸ್. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ, ಯಾಕೆಂದರೆ ನಿಮ್ಮ ಹಣ ನಿಜವಾಗಿ ಹೋಗುವುದು ಇಲ್ಲಿಗೇ. ಆಟೋಮ್ಯಾಟಿಕ್ ಅಂತ ಶೋರೂಂನಲ್ಲಿ ಒಂದೇ ಹೆಸರಿನಲ್ಲಿ ಮಾರುತ್ತಾರೆ. ಒಳಗೆ ನಾಲ್ಕು ಬೇರೆ ಬೇರೆ ಯಂತ್ರಗಳಿವೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ನಾಲ್ಕೂ ಚೆನ್ನಾಗಿಯೇ ಇರುತ್ತವೆ. ಗುಣ ಗೊತ್ತಾಗುವುದು 10 ಕಿ.ಮೀ.ಗಿಂತ ಕೆಳಗೆ. ಊರೂರಿನ ಟ್ರಾಫಿಕ್ ಅಳೆಯುವ ಟಾಮ್‌ಟಾಮ್ ಕಂಪನಿಯವರ 2022ರ ಲೆಕ್ಕದಲ್ಲಿ ಬೆಂಗಳೂರಿನ ಮಧ್ಯಭಾಗದಲ್ಲಿ 10 ಕಿ.ಮೀ. ಹೋಗಲು 29 ನಿಮಿಷ 10 ಸೆಕೆಂಡ್ ಬೇಕಿತ್ತು. ಇದು ಸರಾಸರಿ. ಸಂಜೆ ಆರೂವರೆಗೆ ಔಟರ್ ರಿಂಗ್ ರೋಡ್ ಹೇಗಿರುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ನಿಮ್ಮ ಕಾರಿನ ಆಯುಷ್ಯದ ದೊಡ್ಡ ಪಾಲು ನಡಿಗೆಯ ವೇಗದಲ್ಲೇ ಕಳೆಯುತ್ತದೆ. ಅದಕ್ಕೆ ತಕ್ಕ ಗೇರ್‌ಬಾಕ್ಸ್ ಬೇಕು.

ಎಎಂಟಿ ಅಂದರೆ ಮಾಮೂಲಿ ಮ್ಯಾನುಯಲ್ ಗೇರ್‌ಬಾಕ್ಸೇ. ನಿಮ್ಮ ಎಡಗಾಲು ಮತ್ತು ಎಡಗೈ ಮಾಡುವ ಕೆಲಸವನ್ನು ಒಂದು ಕಂಪ್ಯೂಟರು, ಒಂದು ಮೋಟಾರು ಮಾಡುತ್ತವೆ. ನಮ್ಮ ದೇಶದಲ್ಲಿ 2014ರ ಮಾರುತಿ ಸೆಲೆರಿಯೊದಿಂದ ಇದು ಮನೆಮಾತಾಯಿತು. ಅಗ್ಗದ್ದು, ಮೈಲೇಜ್ ಚೆನ್ನಾಗಿ ಕೊಡುತ್ತದೆ, ಕೆಟ್ಟರೆ ರಿಪೇರಿಯೂ ಸುಲಭ. ಸಣ್ಣ ಊರಿನಲ್ಲಿ, ಖಾಲಿ ರಸ್ತೆಯಲ್ಲಿ ಓಡಿಸುವವರಿಗೆ ನಾನು ಇದನ್ನು ಬೇಡ ಅನ್ನುವುದಿಲ್ಲ. ಆದರೆ ಒಳಗಿರುವುದು ಅದೇ ಒಂದು ಕ್ಲಚ್ ಪ್ಲೇಟ್. ಜಾಮ್‌ನಲ್ಲಿ ನೀವು ಮಾಡುವ ಹಾಫ್ ಕ್ಲಚ್ಚನ್ನೇ ಅದೂ ಮಾಡುತ್ತದೆ, ಪ್ಲೇಟು ಹಾಗೇ ಸವೆಯುತ್ತದೆ. ಗೇರ್ ಬದಲಾಗುವಾಗ ತಲೆ ಮುಂದಕ್ಕೆ ಬಾಗುವಂಥ ಒಂದು ತಡೆಯೂ ಇರುತ್ತದೆ. ಕೈಯಲ್ಲಿ ಚೆನ್ನಾಗಿ ಗೇರ್ ಹಾಕಿ ಅಭ್ಯಾಸ ಇರುವ ನಿಮ್ಮಂಥವರಿಗೆ ಆ ತಡೆ ಬೇರೆಯವರಿಗಿಂತ ಜಾಸ್ತಿ ಕಿರಿಕಿರಿ ಮಾಡುತ್ತದೆ. ನಾನೇ ಹಾಕಿದ್ದರೆ ಇಷ್ಟು ಒರಟಾಗಿ ಹಾಕುತ್ತಿರಲಿಲ್ಲ ಅಂತ ಪ್ರತಿ ಸಲ ಅನ್ನಿಸುತ್ತದೆ. ಮ್ಯಾನುಯಲ್ ಪ್ರೇಮಿಗಳಿಗೆ ಎಎಂಟಿ ಬೇಡ ಅನ್ನುವುದಕ್ಕೆ ನನ್ನ ಮುಖ್ಯ ಕಾರಣ ಇದೇ.

ಡಿಸಿಟಿಯಲ್ಲಿ ಎರಡು ಕ್ಲಚ್ ಇರುತ್ತವೆ. ಒಂದು 1, 3, 5, 7ನೇ ಗೇರುಗಳಿಗೆ, ಇನ್ನೊಂದು 2, 4, 6ಕ್ಕೆ. ಒಂದು ಗೇರಿನಲ್ಲಿ ಓಡುತ್ತಿರುವಾಗಲೇ ಮುಂದಿನದು ಸಿದ್ಧವಾಗಿ ಕೂತಿರುತ್ತದೆ, ಹಾಗಾಗಿ ಬದಲಾವಣೆ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ತೆರೆದ ರಸ್ತೆಯಲ್ಲಿ ಇದರಷ್ಟು ಸೊಗಸು ಬೇರೆ ಇಲ್ಲ. ನೀವು ಇದರ ಮೇಲೆ ಕಣ್ಣಿಟ್ಟಿರುವುದು ನನಗೆ ಅರ್ಥವಾಗುತ್ತದೆ. ಆದರೆ ಜಾಮ್‌ನಲ್ಲಿ ಅದಕ್ಕೆ ಸುಖವಿಲ್ಲ. ಎರಡು ಅಡಿ ಮುಂದೆ, ನಿಂತು, ಮತ್ತೆ ಮೂರು ಅಡಿ ಮುಂದೆ ಅನ್ನುವಾಗ ಅದರ ಕ್ಲಚ್ಚೂ ಉಜ್ಜಿಕೊಂಡೇ ಕೆಲಸ ಮಾಡಬೇಕು. ಉಜ್ಜಿದರೆ ಬಿಸಿ. ಇದರಲ್ಲಿ ಎರಡು ಜಾತಿ: ಒಣ ಕ್ಲಚ್ಚಿನದು, ಎಣ್ಣೆಯಲ್ಲಿ ಮುಳುಗಿದ ಕ್ಲಚ್ಚಿನದು. ಎಣ್ಣೆ ಬಿಸಿಯನ್ನು ಎಳೆದುಕೊಳ್ಳುವುದರಿಂದ ಎರಡನೆಯದು ಜಾಮನ್ನು ಹೆಚ್ಚು ತಾಳಿಕೊಳ್ಳುತ್ತದೆ. ಟಾಟಾ ಆಲ್ಟ್ರೋಜ್, ನೆಕ್ಸಾನ್‌ಗಳಲ್ಲಿರುವುದು ಎಣ್ಣೆಯದು. ಹ್ಯುಂಡೈ ಐ20 ಎನ್ ಲೈನ್‌ನಲ್ಲಿರುವುದು ಒಣ ಜಾತಿ. ಬೆಳಗ್ಗೆ ಏಳಕ್ಕೆ ಹೊರಟು ಖಾಲಿ ರಸ್ತೆಯಲ್ಲಿ ಆಫೀಸು ಸೇರುವವರಾದರೆ ಒಣ ಡಿಸಿಟಿಯಲ್ಲೂ ಹಾಯಾಗಿರಬಹುದು. ಜೆ.ಪಿ. ನಗರದಿಂದ ಬೆಳ್ಳಂದೂರಿಗೆ ಆಫೀಸಿನ ಹೊತ್ತಿಗೆ ಹೋಗುವವರಿಗೆ ನಾನು ಅದನ್ನು ಹೇಳಲಾರೆ.

ಇವೆರಡಕ್ಕಿಂತ ಪೂರ್ತಿ ಬೇರೆ ಜಾತಿ ಟಾರ್ಕ್ ಕನ್ವರ್ಟರ್. ಎರಡು ಟೇಬಲ್ ಫ್ಯಾನ್‌ಗಳನ್ನು ಎದುರುಬದುರು ಇಟ್ಟು ಒಂದಕ್ಕೆ ಮಾತ್ರ ಕರೆಂಟ್ ಕೊಟ್ಟರೆ, ಅದರ ಗಾಳಿಗೆ ಇನ್ನೊಂದೂ ತಿರುಗಲು ಶುರುಮಾಡುತ್ತದಲ್ಲ, ಹಾಗೆ. ಇಲ್ಲಿ ಗಾಳಿಯ ಬದಲು ಎಣ್ಣೆ. ಎಂಜಿನ್ನಿಗೂ ಗೇರಿಗೂ ನಡುವೆ ಸವೆಯುವ ಪ್ಲೇಟನ್ನು ಉಜ್ಜಿ ಕಾರನ್ನು ಹೊರಡಿಸುವ ಕೆಲಸವೇ ಇಲ್ಲ. ಬ್ರೇಕ್ ಬಿಟ್ಟರೆ ಕಾರು ತಾನಾಗಿ ಮೆಲ್ಲಗೆ ಜಾರುತ್ತದೆ, ಬ್ರೇಕ್ ಒತ್ತಿದರೆ ನಿಲ್ಲುತ್ತದೆ. ದಿನಕ್ಕೆ ಎಷ್ಟು ನೂರು ಸಲ ಹೀಗೆ ಮಾಡಿದರೂ ಅದಕ್ಕೆ ಬೇಜಾರಿಲ್ಲ. ವೇಗ ಹಿಡಿದ ಮೇಲೆ ಒಳಗಿನ ಲಾಕ್-ಅಪ್ ಕ್ಲಚ್ ಎರಡನ್ನೂ ಸೇರಿಸಿಬಿಡುವುದರಿಂದ ಹೈವೇಯಲ್ಲಿ ಶಕ್ತಿ ಪೋಲಾಗುವುದಿಲ್ಲ. ಕೈಲಾಕ್, ಬ್ರೆಜಾ, ಟರ್ಬೊ ಎಂಜಿನ್ನಿನ ಫ್ರಾಂಕ್ಸ್ ಇವುಗಳಲ್ಲಿ 6 ಗೇರಿನ ಟಾರ್ಕ್ ಕನ್ವರ್ಟರ್ ಇದೆ. ಒಂದು ಕೊರತೆ ಇದೆ, ಪೆಟ್ರೋಲ್ ಸ್ವಲ್ಪ ಜಾಸ್ತಿ ಕುಡಿಯುತ್ತದೆ. ನಿಮ್ಮ ದಾರಿಯಲ್ಲಿ ಲೀಟರಿಗೆ 10 ಕಿ.ಮೀ. ಸಿಕ್ಕಿದರೆ ಚೆನ್ನಾಗಿಯೇ ಕೊಡುತ್ತಿದೆ ಅಂದುಕೊಳ್ಳಿ.

ನಾಲ್ಕನೆಯದು ಸಿವಿಟಿ. ಇದರಲ್ಲಿ ಗೇರುಗಳೇ ಇಲ್ಲ. ಎರಡು ಪುಲ್ಲಿಗಳ ನಡುವೆ ಒಂದು ಉಕ್ಕಿನ ಬೆಲ್ಟ್, ಪುಲ್ಲಿಗಳು ಅಗಲ ಕಿರಿದಾಗುತ್ತಾ ಅನುಪಾತ ಬದಲಾಗುತ್ತಾ ಹೋಗುತ್ತದೆ. ಗೇರ್ ಬದಲಾಯಿತು ಅಂತ ಗೊತ್ತೇ ಆಗುವುದಿಲ್ಲ, ಬದಲಾಗುವುದಕ್ಕೆ ಗೇರಿದ್ದರೆ ತಾನೇ. ಜೋರಾಗಿ ಒತ್ತಿದರೆ ಎಂಜಿನ್ ಮೊದಲು ಕೂಗುತ್ತದೆ, ಕಾರು ಆಮೇಲೆ ಓಡುತ್ತದೆ. ಕಾರು ಪತ್ರಕರ್ತರು ಇದನ್ನು ಬೈದು ಬೈದು ಹೆಸರು ಕೆಡಿಸಿದ್ದಾರೆ. ಆ ಬೈಗುಳ ನಿಮಗೆ ಅನ್ವಯಿಸುವುದಿಲ್ಲ. ಜೋರಾಗಿ ಒತ್ತುವ ಆಸೆ ತೀರಿಸಲು ಪೋಲೋ ಇದೆ. ಮೆಲ್ಲಗೆ ಓಡಿಸಿದರೆ ಸಿವಿಟಿಯಷ್ಟು ನಯ ಯಾವುದೂ ಇಲ್ಲ, ಮೈಲೇಜೂ ಚೆನ್ನಾಗಿರುತ್ತದೆ. ಹೋಂಡಾ ಅಮೇಜ್, ಹ್ಯುಂಡೈ ಐ20ಯ 1.2 ಪೆಟ್ರೋಲ್, ನಿಸಾನ್ ಮ್ಯಾಗ್ನೈಟ್ ಟರ್ಬೊ ಇವುಗಳಲ್ಲಿ ಸಿವಿಟಿ ಇದೆ.

ಒಟ್ಟಿನಲ್ಲಿ ನಿಮ್ಮ ಆಯ್ಕೆ ಟಾರ್ಕ್ ಕನ್ವರ್ಟರ್ ಅಥವಾ ಸಿವಿಟಿ. ಅದರೊಳಗೆ ನನ್ನ ಮೊದಲ ಹೆಸರು ಮಾರುತಿ ಬ್ರೆಜಾ ಆಟೋಮ್ಯಾಟಿಕ್. 1.5 ಲೀಟರಿನ, ನಾಲ್ಕು ಸಿಲಿಂಡರಿನ ಎಂಜಿನ್, ಟರ್ಬೊ ಇಲ್ಲ. ಅವಸರವಿಲ್ಲದ, ನಯವಾದ ಕಾರು. ಬಾಗಿಲು ದೊಡ್ಡದು, ಸೀಟು ಸೊಂಟದ ಎತ್ತರದಲ್ಲಿದೆ. ಅಪ್ಪ ಕೆಳಗೆ ಕುಸಿಯಬೇಕಿಲ್ಲ, ಮೇಲಕ್ಕೆ ಹತ್ತಬೇಕಿಲ್ಲ, ಪಕ್ಕಕ್ಕೆ ಸರಿದು ಕೂತರೆ ಸಾಕು. ಓಡಿಸಿ ಇಳಿದ ಮೇಲೆ ಆ ಕಾರಿನ ಬಗ್ಗೆ ನಿಮಗೆ ಏನೂ ನೆನಪಿರುವುದಿಲ್ಲ. ದಿನಾ ಓಡಿಸುವ ಕಾರಿಗೆ ನಾನು ಕೊಡುವ ದೊಡ್ಡ ಹೊಗಳಿಕೆ ಇದು.

ಬ್ರೆಜಾದ ತೊಂದರೆ ತೆರಿಗೆಯಲ್ಲಿದೆ. 2025ರ ಸೆಪ್ಟೆಂಬರ್ 22ರಿಂದ ನಾಲ್ಕು ಮೀಟರಿಗಿಂತ ಚಿಕ್ಕದಾದ, 1200 ಸಿಸಿ ಒಳಗಿನ ಪೆಟ್ರೋಲ್ ಕಾರುಗಳಿಗೆ ಜಿಎಸ್‌ಟಿ ಶೇ. 18. ಬ್ರೆಜಾ ಅಷ್ಟೇ ಚಿಕ್ಕದಾದರೂ ಎಂಜಿನ್ ದೊಡ್ಡದು, ಹಾಗಾಗಿ ಶೇ. 40. ಅದರ ಮೇಲೆ ಕರ್ನಾಟಕದ ರಸ್ತೆ ತೆರಿಗೆ. 5ರಿಂದ 10 ಲಕ್ಷದ ಕಾರಿಗೆ ಶೇ. 14, 10 ಲಕ್ಷ ದಾಟಿದರೆ ಶೇ. 17, ಇದಕ್ಕೆ ಸೆಸ್ ಬೇರೆ. ಕಾರಿನ ಬೆಲೆ ಆ 10 ಲಕ್ಷದ ಗೆರೆಯನ್ನು ಸ್ವಲ್ಪ ದಾಟಿದರೂ ಆನ್-ರೋಡ್ ಬೆಲೆಯಲ್ಲಿ ಒಂದು ನೆಗೆತ ಕಾಣುತ್ತದೆ. ಬೇರೆ ರಾಜ್ಯದ ಸ್ನೇಹಿತರು ಹೇಳುವ ಬೆಲೆ ಕೇಳಿ ಬಜೆಟ್ ಹಾಕಬೇಡಿ, ನಮ್ಮಲ್ಲಿ ತೆರಿಗೆ ಜಾಸ್ತಿ. 13 ಲಕ್ಷದಲ್ಲಿ ನಿಮಗೆ ಸಿಗುವುದು ಬ್ರೆಜಾದ ಕೆಳಗಿನ ಆಟೋಮ್ಯಾಟಿಕ್ ವೇರಿಯಂಟ್. ಅದೇ ಸಾಕು. ಸನ್‌ರೂಫ್ ಇಲ್ಲ ಅಂತ ಕೊರಗಬೇಡಿ.

ಎರಡನೇ ಹೆಸರು ಅಮೇಜ್ ಸಿವಿಟಿ. 2024ರ ಡಿಸೆಂಬರಿನಲ್ಲಿ ಬಂದ ಈಗಿನ ಅಮೇಜ್‌ನಲ್ಲಿ 1.2 ಲೀಟರ್, 90 ಪಿಎಸ್ ಎಂಜಿನ್ ಇದೆ, ಸಿವಿಟಿ ಕೆಳಗಿನ ವೇರಿಯಂಟಿನಿಂದಲೇ ಸಿಗುತ್ತದೆ. 18ರ ಜಿಎಸ್‌ಟಿ, 14ರ ರಸ್ತೆ ತೆರಿಗೆ ಎರಡೂ ನಿಮ್ಮ ಕಡೆಗಿರುವುದರಿಂದ ಲಕ್ಷಕ್ಕೂ ಜಾಸ್ತಿ ಉಳಿಯಬಹುದು. ಡಿಕ್ಕಿ ದೊಡ್ಡದು, ಊರಿಗೆ ಹೋಗಿ ಬರುವಾಗ ತೆಂಗಿನಕಾಯಿ ಮೂಟೆ, ಅಕ್ಕಿ ಎಲ್ಲ ಹಿಡಿಯುತ್ತದೆ. ಇದು ಸೆಡಾನ್, ಸೀಟು ಕೆಳಗಿದೆ. ಅಪ್ಪನಿಗೆ ಮಂಡಿ ನೋವಿದ್ದರೆ ಅಲ್ಲಿಗೆ ಈ ಮಾತು ಮುಗಿಯಿತು. ಇಲ್ಲದಿದ್ದರೆ ದುಡ್ಡಿನ ಲೆಕ್ಕದಲ್ಲಿ ಇದೇ ಜಾಣ ಆಯ್ಕೆ.

ಹೊಸದೇ ಬೇಕು ಅಂತಿಲ್ಲದಿದ್ದರೆ ಇನ್ನೊಂದು ದಾರಿ ಇದೆ, ನನಗೆ ಇದು ತುಂಬಾ ಇಷ್ಟ. ಒಬ್ಬರೇ ಓಡಿಸಿದ, ಸರ್ವಿಸ್ ಬಿಲ್ಲುಗಳೆಲ್ಲ ಇರುವ ಹಳೇ ಹೋಂಡಾ ಜಾಝ್ ಸಿವಿಟಿ. 2023ರಲ್ಲಿ ನಿಂತುಹೋದ ಮಾಡೆಲ್, ಒಳಗಿನ ಜಾಗ ನೋಡಿದರೆ ಇಷ್ಟು ಚಿಕ್ಕ ಕಾರಾ ಇದು ಅನ್ನಿಸುತ್ತದೆ. ಹೊಸ ಕಾರಿನ ಅರ್ಧ ದುಡ್ಡಿನಲ್ಲಿ ಕೆಲಸ ಆಗುತ್ತದೆ. ಆಟೋ ತಾಗಿದರೂ, ಬೈಕಿನವರ ಹ್ಯಾಂಡಲ್ ಕನ್ನಡಿಗೆ ಬಡಿದರೂ ಹೊಟ್ಟೆ ಅಷ್ಟು ಉರಿಯುವುದಿಲ್ಲ. ನೋಡಲು ಹೋದಾಗ ಎಂಜಿನ್ ಪೂರ್ತಿ ತಣ್ಣಗಿರಬೇಕು, ಮಾರುವವರು ಮೊದಲೇ ಸ್ಟಾರ್ಟ್ ಮಾಡಿಟ್ಟಿರಬಾರದು. ತಣ್ಣಗಿರುವಾಗ ಡಿ (ಡ್ರೈವ್) ಹಾಕಿ, ಬ್ರೇಕ್ ಬಿಟ್ಟು ಮೆಲ್ಲಗೆ ಜಾರಲು ಬಿಡಿ. ನಡುಕ ಇದ್ದರೆ ವಾಪಸ್ ಬನ್ನಿ. ಗೇರ್‌ಬಾಕ್ಸ್ ಎಣ್ಣೆ ಬದಲಿಸಿದ ಬಿಲ್ ಕೇಳಿ. ಹಳೇ ಕಾರಿನಲ್ಲಿ ಎಎಂಟಿ, ಒಣ ಡಿಸಿಟಿಗಳ ಹತ್ತಿರ ಹೋಗಬೇಡಿ. ಕ್ಲಚ್ ಎಷ್ಟು ಸವೆದಿದೆ ಅಂತ ಹೊರಗಿನಿಂದ ನೋಡಿ ಹೇಳುವುದು ಕಷ್ಟ.

ಎಲೆಕ್ಟ್ರಿಕ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ಜಾಮ್‌ನಲ್ಲಿ ಮೇಲಿನ ನಾಲ್ಕನ್ನೂ ಮೀರಿಸುವುದು ಅದೇ. ಗೇರ್ ಬದಲಾಯಿಸುವ ಮಾತೇ ಇಲ್ಲ, ನಿಂತಾಗ ಮೋಟಾರಿಗೆ ಖರ್ಚಿಲ್ಲ, ಎಸಿ ಮಾತ್ರ ಬ್ಯಾಟರಿ ತಿನ್ನುತ್ತದೆ. ದೂರದ ಪ್ರಯಾಣಕ್ಕೆ ಪೋಲೋ ಇರುವುದರಿಂದ ಚಾರ್ಜ್ ಮುಗಿದರೆ ಏನು ಗತಿ ಅನ್ನುವ ಚಿಂತೆಯೂ ನಿಮಗಿಲ್ಲ. ಎರಡು ಕಾರಿನ ಮನೆಗೆ ಹೇಳಿ ಮಾಡಿಸಿದ ಹಾಗಿದೆ. ಒಂದೇ ಷರತ್ತು: ನಿಮ್ಮ ಪಾರ್ಕಿಂಗ್ ಜಾಗಕ್ಕೆ ನಿಮ್ಮದೇ ಮೀಟರಿನಿಂದ ಲೈನ್ ಎಳೆಯಲು ಅಸೋಸಿಯೇಷನ್ ಬರಹದಲ್ಲಿ ಒಪ್ಪಬೇಕು. ಬಾಯಿಮಾತಿನ ಒಪ್ಪಿಗೆ ನಂಬಿ ಕಾರು ಬುಕ್ ಮಾಡಬೇಡಿ. ಒಪ್ಪಿಗೆ ಕೈಗೆ ಬಂದರೆ ಟಾಟಾ ಪಂಚ್ ಇವಿ ನೋಡಿ, ಎತ್ತರದ ಸೀಟು ಅಪ್ಪನಿಗೂ ಆಗುತ್ತದೆ. ಆಗ ನನ್ನ ಮೊದಲ ಹೆಸರು ಬ್ರೆಜಾ ಅಲ್ಲ, ಇದು. ಹೊರಗಿನ ಚಾರ್ಜರನ್ನೇ ನಂಬಿ ಬದುಕಬೇಕು ಅಂದರೆ ಬೇಡ. ಆಫೀಸಿನಿಂದ ಸುಸ್ತಾಗಿ ಬಂದು ಮತ್ತೆ ಚಾರ್ಜಿಂಗ್ ಸ್ಟೇಷನ್‌ನಲ್ಲಿ ಕಾಯುವುದು ಯಾರಿಗೂ ಒಗ್ಗುವುದಿಲ್ಲ.

ಯಾವ ಕಾರಾದರೂ ಟೆಸ್ಟ್ ಡ್ರೈವನ್ನು ಶೋರೂಂನವರು ಹೇಳಿದ ದಾರಿಯಲ್ಲಿ, ಅವರು ಹೇಳಿದ ಹೊತ್ತಿನಲ್ಲಿ ಮಾಡಬೇಡಿ. ಬೆಳಗ್ಗೆ ಹನ್ನೊಂದಕ್ಕೆ ಅಗಲವಾದ ರಸ್ತೆಯಲ್ಲಿ ಎಲ್ಲ ಕಾರೂ ಚೆನ್ನಾಗಿರುತ್ತದೆ. ಸಂಜೆ ಆರೂವರೆಗೆ ಹೋಗಿ. ಎಸಿ ಹಾಕಿ, ಅಪ್ಪ, ಹೆಂಡತಿ, ಮಗಳನ್ನು ಕೂರಿಸಿಕೊಳ್ಳಿ. ರಾಗಿಗುಡ್ಡದಿಂದ ಸಿಲ್ಕ್ ಬೋರ್ಡ್ ಕಡೆಗೆ ಹೋಗುವ ಡಬಲ್ ಡೆಕ್ಕರ್ ಮೇಲ್ಸೇತುವೆಯ ಏರಿನಲ್ಲಿ ಸಾಲು ನಿಂತಿದ್ದರೆ ನಿಮ್ಮ ಅದೃಷ್ಟ, ಅಂಥ ಪರೀಕ್ಷೆ ಬೇರೆಲ್ಲೂ ಸಿಗುವುದಿಲ್ಲ. ಏರಿನಲ್ಲಿ ನಿಲ್ಲಿಸಿ. ಬ್ರೇಕಿನಿಂದ ಕಾಲು ತೆಗೆದು ಆಕ್ಸಿಲರೇಟರಿಗೆ ಇಡುವಷ್ಟರಲ್ಲಿ ಕಾರು ಹಿಂದಕ್ಕೆ ಜಾರುತ್ತದಾ, ಹಿಡಿದು ನಿಲ್ಲುತ್ತದಾ? ಮುಂದಿನ ಕಾರು ಅರ್ಧ ಅಡಿ ಸರಿದಾಗ ನಿಮ್ಮದು ಅಷ್ಟೇ ಸರಿಯುತ್ತದಾ, ಅಥವಾ ಒಮ್ಮೆಲೇ ನೆಗೆದು ನೀವು ಬ್ರೇಕ್ ಒತ್ತುವಂತಾಗುತ್ತದಾ? ಈ ಅರ್ಧ ಅಡಿಯೇ ಮುಖ್ಯ. ಆಮೇಲೆ ನಿಮ್ಮ ಅಪಾರ್ಟ್‌ಮೆಂಟಿಗೆ ತಂದು ಬೇಸ್‌ಮೆಂಟ್ ಇಳಿಜಾರಿನಲ್ಲಿ ರಿವರ್ಸ್ ಹತ್ತಿಸಿ ನೋಡಿ. ಅರ್ಧ ದಾರಿ ನಿಮ್ಮ ಹೆಂಡತಿ ಓಡಿಸಲಿ. ನಮ್ಮಲ್ಲಿ ಕಾರಿನ ಲೈಸೆನ್ಸ್ ಎರಡಕ್ಕೂ ಒಂದೇ, ಆಟೋಮ್ಯಾಟಿಕ್ಕಿಗೆ ಬೇರೆ ಬೇಕಿಲ್ಲ. ನಿಜ ಹೇಳಬೇಕೆಂದರೆ ಕೊನೆಯ ಮಾತು ಅವರದ್ದೇ ಆಗಿರಲಿ. ಅವರಿಗೆ ಹಿಡಿಸಿದರೆ ಸ್ಕೂಲು, ಆಸ್ಪತ್ರೆ, ಮಾರ್ಕೆಟ್ಟಿಗೆಲ್ಲ ನಿಮ್ಮನ್ನು ಕಾಯಬೇಕಾಗಿಲ್ಲ.

ಈಗ ಎರಡು ಥರದ ಕಾರು ಒಂದೇ ಮನೆಯಲ್ಲಿದ್ದಾಗ ಆಗುವ ಒಂದು ಅಪಾಯ. ಇದನ್ನು ಯಾವ ಸೇಲ್ಸ್‌ನವರೂ ಹೇಳುವುದಿಲ್ಲ. ಪೋಲೋ ಓಡಿಸಿ ರೂಢಿಯಾದ ಎಡಗಾಲು, ಆಟೋಮ್ಯಾಟಿಕ್‌ನಲ್ಲಿ ನಿಲ್ಲಿಸುವಾಗ ಇಲ್ಲದ ಕ್ಲಚ್ಚನ್ನು ಹುಡುಕುತ್ತದೆ. ಅಲ್ಲಿರುವುದು ಅಗಲವಾದ ಬ್ರೇಕ್ ಪೆಡಲ್. ಕ್ಲಚ್ ಒತ್ತುವ ರಭಸದಲ್ಲಿ ಎಡಗಾಲು ಅದರ ಅಂಚನ್ನು ಒತ್ತಿದರೆ ಕಾರು ನಿಂತಲ್ಲೇ ಕುಕ್ಕರಿಸುತ್ತದೆ, ಹಿಂದಿನವರು ಬಂದು ಗುದ್ದುತ್ತಾರೆ. ಹಾಗಾಗಿ ಆಟೋಮ್ಯಾಟಿಕ್ ಹತ್ತಿ ಕೂತ ಕೂಡಲೇ ಎಡಗಾಲನ್ನು ಎಡಗಡೆಯ ಡೆಡ್ ಪೆಡಲ್ (ಕಾಲಿಡಲು ಮಾತ್ರ ಇರುವ ಮೆಟ್ಟು) ಮೇಲೆ ಇಟ್ಟುಬಿಡಿ, ಇಳಿಯುವವರೆಗೂ ಅದು ಅಲ್ಲೇ ಇರಲಿ. ಬ್ರೇಕಿಗೂ ಆಕ್ಸಿಲರೇಟರಿಗೂ ಬಲಗಾಲು ಒಂದೇ. ಎಡಗಾಲಿನಲ್ಲಿ ಬ್ರೇಕ್ ಒತ್ತುವ ಅಭ್ಯಾಸ ಮಾಡಿಕೊಳ್ಳಲೇಬೇಡಿ. ಹೆಂಡತಿಗೂ ಮೊದಲ ದಿನವೇ ಇದನ್ನು ಹೇಳಿಕೊಡಿ.

ಇನ್ನೊಂದು, ನಿಲ್ಲಿಸುವಾಗ. ಮೊದಲು ಬ್ರೇಕ್ ಒತ್ತಿ ಹಿಡಿದು ನ್ಯೂಟ್ರಲ್, ಆಮೇಲೆ ಹ್ಯಾಂಡ್‌ಬ್ರೇಕ್, ಕೊನೆಗೆ ಪಿ (ಪಾರ್ಕ್). ನೇರವಾಗಿ ಪಿ ಹಾಕಿ ಕಾಲು ತೆಗೆದರೆ ಇಳಿಜಾರಿನಲ್ಲಿ ಕಾರಿನ ಭಾರವೆಲ್ಲ ಗೇರ್‌ಬಾಕ್ಸ್ ಒಳಗಿನ ಒಂದು ಸಣ್ಣ ಕೊಂಡಿಯ ಮೇಲೆ ನಿಲ್ಲುತ್ತದೆ. ಘಾಟಿ ಇಳಿಯುವಾಗ ಪೆಟ್ರೋಲ್ ಉಳಿಸಲು ನ್ಯೂಟ್ರಲ್ ಹಾಕುವ ಕೆಟ್ಟ ಅಭ್ಯಾಸ ನಮ್ಮಲ್ಲಿ ಬಹಳ ಜನಕ್ಕಿದೆ. ಆಟೋಮ್ಯಾಟಿಕ್‌ನಲ್ಲಂತೂ ಅದನ್ನು ಮಾಡಲೇಬಾರದು. ಆಗುಂಬೆಯ 14 ಹೇರ್‌ಪಿನ್ ತಿರುವುಗಳನ್ನು ಬರೀ ಬ್ರೇಕಿನಲ್ಲಿ ಇಳಿದರೆ ಬ್ರೇಕ್ ಕಾದು ಹಿಡಿತ ಬಿಡುತ್ತದೆ. ಸಿವಿಟಿಯಾದರೆ ಎಲ್ (ಲೋ) ಅಥವಾ ಎಸ್ (ಸ್ಪೋರ್ಟ್) ಹಾಕಿ, ಟಾರ್ಕ್ ಕನ್ವರ್ಟರ್ ಆದರೆ ಮ್ಯಾನುಯಲ್ ಮೋಡಿನಲ್ಲಿ ಎರಡನೇ ಗೇರಿಗೆ ಇಳಿಸಿ. ಎಂಜಿನ್ನೇ ಕಾರನ್ನು ಹಿಡಿಯುತ್ತದೆ.

ಪೋಲೋ ಯಾಕೆ ಮಾರಬಾರದು? ಪೋಲೋ ನಮ್ಮ ದೇಶದಲ್ಲಿ 2022ರಲ್ಲಿ ನಿಂತುಹೋಯಿತು. ಅಷ್ಟು ಗಟ್ಟಿಯಾದ, ಚಿಕ್ಕದಾದ, ಟರ್ಬೊ ಎಂಜಿನ್ನಿಗೆ 6 ಗೇರಿನ ಮ್ಯಾನುಯಲ್ ಇರುವ ಕಾರು ಬೇಕು ಅಂತ ಇನ್ನೆರಡು ವರ್ಷ ಬಿಟ್ಟು ನಿಮಗೆ ಮತ್ತೆ ಅನ್ನಿಸಿದರೆ ಆಯ್ಕೆ ಬಹಳ ಕಡಿಮೆ ಇರುತ್ತದೆ. ಮೊದಲ ವರ್ಷಗಳ ಬೆಲೆ ಕುಸಿತವನ್ನು ನೀವು ಈಗಾಗಲೇ ತಿಂದಾಗಿದೆ. ಪೆಟ್ರೋಲ್ ಕಾರಿನ ನೋಂದಣಿ 15 ವರ್ಷ, ಅಂದರೆ 2036ರವರೆಗೆ ಅದರ ತಂಟೆ ಇಲ್ಲ. ಆಫೀಸಿನ ಜಾಮ್‌ನಿಂದ ಬಿಡುಗಡೆ ಸಿಕ್ಕಿದರೆ ಅದರ ಕ್ಲಚ್ಚೂ ಉಳಿಯುತ್ತದೆ, ನಿಮ್ಮ ಪ್ರೀತಿಯೂ ಉಳಿಯುತ್ತದೆ. ಬೆಳಗ್ಗೆ ಐದಕ್ಕೆ ಹೊರಟು ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಚಾರ್ಮಾಡಿ ಇಳಿಯುವಾಗ ಎರಡರಿಂದ ಮೂರಕ್ಕೆ ನೀವೇ ಕೈಯಾರೆ ಗೇರ್ ಹಾಕುವ ಸುಖವನ್ನು ಸ್ಟೀರಿಂಗ್ ಹಿಂದಿನ ಯಾವ ಪ್ಯಾಡಲ್ ಶಿಫ್ಟರೂ ಕೊಡುವುದಿಲ್ಲ. ಮಳೆಗಾಲದಲ್ಲಿ ಮಾತ್ರ ಘಾಟಿ ತೆರೆದಿದೆಯಾ ಅಂತ ಕೇಳಿಕೊಂಡು ಹೊರಡಿ.

ಆದರೆ ಇಟ್ಟುಕೊಳ್ಳುವುದಾದರೆ ಓಡಿಸಲೇಬೇಕು. ವಾರಕ್ಕೊಮ್ಮೆ, ತಪ್ಪಿದರೆ ಹತ್ತು ದಿನಕ್ಕೊಮ್ಮೆ, ಅರ್ಧ ಗಂಟೆಗಿಂತ ಹೆಚ್ಚು. ನಿಂತಲ್ಲೇ ಸ್ಟಾರ್ಟ್ ಮಾಡಿ ಐದು ನಿಮಿಷ ಬಿಟ್ಟು ಆಫ್ ಮಾಡುವುದರಿಂದ ಪ್ರಯೋಜನ ಇಲ್ಲ. ಅಷ್ಟರಲ್ಲಿ ಬ್ಯಾಟರಿ ಸರಿಯಾಗಿ ಚಾರ್ಜ್ ಆಗುವುದಿಲ್ಲ. ಪೆಟ್ರೋಲ್ ವಿಷಯಕ್ಕೂ ಗಮನ ಕೊಡಿ. ಈಗ ಬಂಕುಗಳಲ್ಲಿ ಸಿಗುವುದು ಇ20, ಅಂದರೆ ಶೇ. 20 ಎಥನಾಲ್ ಇರುವ ಪೆಟ್ರೋಲ್. ನಿಮ್ಮದು ಅದಕ್ಕಿಂತ ಹಿಂದಿನ ಕಾಲದ ಕಾರು. ಎಥನಾಲ್ ತೇವವನ್ನು ಎಳೆದುಕೊಳ್ಳುತ್ತದೆ. ತಿಂಗಳುಗಟ್ಟಲೆ ಹಳೇ ಪೆಟ್ರೋಲ್ ಟ್ಯಾಂಕಿನಲ್ಲಿ ಕೂತಿರಲು ಬಿಡಬೇಡಿ, ಓಡಿಸಿ ಖಾಲಿ ಮಾಡಿ ಹೊಸದು ತುಂಬಿಸುತ್ತಿರಿ. ರಬ್ಬರ್ ಪೈಪುಗಳನ್ನು ಪ್ರತಿ ಸರ್ವಿಸಿನಲ್ಲೂ ನೋಡಿಸಿ. ಟಯರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ, ಮೊದಲೆರಡು ವಾರ, ಕೊನೆಯೆರಡು ವರ್ಷ. ನಿಮ್ಮಲ್ಲಿ ಕೊನೆಗೆ 21 ಇದ್ದರೆ, ಎಷ್ಟೇ ದಪ್ಪ ಉಳಿದಿದ್ದರೂ ಘಾಟಿಗೆ ಹೋಗುವ ಕಾರಿಗೆ ಹೊಸ ಟಯರ್ ಹಾಕಿಸುವ ಕಾಲ ಬಂದಿದೆ. ಬೇಸ್‌ಮೆಂಟಿನಲ್ಲಿ ನಿಂತೇ ಇರುವ ಕಾರಿನ ವೈರು ಇಲಿಗಳಿಗೆ ಬಲು ಇಷ್ಟ. ಬಾನೆಟ್ ಎತ್ತಿ ನೋಡುತ್ತಿರಿ.

ನಿಮ್ಮ ಪಾರ್ಕಿಂಗ್ ಒಂದರ ಹಿಂದೆ ಒಂದು ಅಂದಿರಿ. ಗೋಡೆ ಕಡೆ ಪೋಲೋ, ಹೊರಗಡೆ ಆಟೋಮ್ಯಾಟಿಕ್. ಎರಡೂ ಕಾರಿನ ಒಂದೊಂದು ಕೀ ನಿಮ್ಮಿಬ್ಬರ ಹತ್ತಿರವೂ ಇರಲಿ. ಬೆಳಗ್ಗೆ ಐದಕ್ಕೆ ಪೋಲೋ ತೆಗೆಯಬೇಕಾದರೆ ಹಿಂದಿನ ರಾತ್ರಿಯೇ ಜಾಗ ಬದಲಿಸಿಟ್ಟುಕೊಳ್ಳಿ. ಇಷ್ಟು ಸಣ್ಣ ತೊಂದರೆಗೇ ಎಷ್ಟೋ ಜನರ ಇಷ್ಟದ ಕಾರು ತಿಂಗಳುಗಟ್ಟಲೆ ಧೂಳು ಹಿಡಿದು ನಿಲ್ಲುತ್ತದೆ.

ಮೊಣಕಾಲು ನೋವಿಗೆ ಆಟೋಮ್ಯಾಟಿಕ್ ಬರುವವರೆಗೂ ಕಾಯಬೇಡಿ. ಮೂಳೆ ಡಾಕ್ಟರಿಗೆ ತೋರಿಸಿ. ಜೊತೆಗೆ ಪೋಲೋದಲ್ಲಿ ಕ್ಲಚ್ಚನ್ನು ಪೂರ್ತಿ ಒತ್ತಿದಾಗ ಮೊಣಕಾಲು ಸ್ವಲ್ಪ ಬಗ್ಗಿಯೇ ಇರುವ ಹಾಗೆ ಸೀಟು ಮುಂದಕ್ಕೆ ಎಳೆದುಕೊಳ್ಳಿ. ಕಾಲು ಪೂರ್ತಿ ಚಾಚಬೇಕಾಗಿ ಬಂದರೆ ನೋವು ಬಂದೇ ಬರುತ್ತದೆ. ಪೆಡಲ್ ಮೊದಲಿಗಿಂತ ಗಟ್ಟಿಯಾಗಿದೆ ಅನ್ನಿಸಿದರೆ ಕ್ಲಚ್ ಸವೆದಿರಬಹುದು, ಮೆಕ್ಯಾನಿಕ್ ಹತ್ತಿರ ನೋಡಿಸಿ.

ಕೊನೆಗೆ ವಿಮೆ. ಪೋಲೋ ಮೇಲೆ ಕ್ಲೇಮ್ ಮಾಡದೆ ಗಳಿಸಿದ ನೋ ಕ್ಲೇಮ್ ಬೋನಸ್ (ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ನಿಮ್ಮದು, ಆದರೆ ಒಂದೇ ಬೋನಸ್ಸನ್ನು ಎರಡು ಕಾರಿಗೆ ಹಾಕಲಾಗದು. ಪೋಲೋ ಇಟ್ಟುಕೊಳ್ಳುವುದರಿಂದ ಅದು ಪೋಲೋ ಮೇಲೇ ಇರಲಿ, ಡೀಲರ್ ಏನೇ ಹೇಳಲಿ ಹೊಸ ಕಾರಿಗೆ ವರ್ಗಾಯಿಸಬೇಡಿ. ಓಡಿಸಿದಷ್ಟೇ ಕಿಲೋಮೀಟರಿಗೆ ಪ್ರೀಮಿಯಂ ಕಟ್ಟುವ ಪಾಲಿಸಿಗಳಿಗೆ ವಿಮಾ ಪ್ರಾಧಿಕಾರ 2022ರ ಜುಲೈನಲ್ಲಿ ದಾರಿ ಮಾಡಿಕೊಟ್ಟಿದೆ. ಒಬ್ಬರ ಹೆಸರಿನಲ್ಲಿರುವ ಎರಡು ಗಾಡಿಗೆ ಒಂದೇ ಫ್ಲೋಟರ್ ಪಾಲಿಸಿ ಮಾಡಿಸಲೂ ಅದರಲ್ಲಿ ಅವಕಾಶ ಇದೆ. ವಾರಕ್ಕೊಮ್ಮೆ ಹೊರಬರುವ ಪೋಲೋಗೆ ಮುಂದಿನ ರಿನ್ಯೂವಲ್ ಸಮಯದಲ್ಲಿ ಇವೆರಡರ ಬೆಲೆಯನ್ನೂ ಕೇಳಿ ನೋಡಿ.